ಪ್ರಿನ್ಸ್ ಬೀದಿಯ ಮನೆ

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿ ಉಪ್ಪುನೀರಿನ ಹೊಳೆಗಳು ನೆಲವನ್ನು ಸೀಳಿ ನೂರಾರು ದ್ವೀಪ ಮಾಡಿವೆ. ಅಂಥದೊಂದು ದ್ವೀಪದ ಮೇಲಿದೆ ಬ್ಯೂಫರ್ಟ್. 1711ರಲ್ಲಿ ಕಟ್ಟಿದ ಊರು. ಆ ರಾಜ್ಯದಲ್ಲಿ ಚಾರ್ಲ್ಸ್‌ಟನ್ ಬಿಟ್ಟರೆ ಇದೇ ಹಳೆಯದು. ಪಕ್ಕದ ನಾರ್ತ್ ಕೆರೊಲಿನಾದಲ್ಲಿ ಇದೇ ಅಕ್ಷರಗಳ ಇನ್ನೊಂದು ಊರಿದೆ. ಅದನ್ನು ಅಲ್ಲಿಯವರು ಬೋಫರ್ಟ್ ಎನ್ನುತ್ತಾರೆ, ಇಲ್ಲಿಯವರ ಬಾಯಲ್ಲಿ ಇದು ಬ್ಯೂಫರ್ಟೇ.

ಓಕ್ ಮರಗಳಿಂದ ಜಡೆಯಂತೆ ಇಳಿಬಿದ್ದ ಬೂದುಬಣ್ಣದ ಹಂಬು, ಉದ್ದ ಜಗುಲಿಯ ದೊಡ್ಡ ಮನೆಗಳು, ಸಿಂಪಿಚಿಪ್ಪು ಸುಟ್ಟ ಸುಣ್ಣಕ್ಕೆ ಮರಳನ್ನೂ ಒಡೆದ ಚಿಪ್ಪನ್ನೂ ಬೆರೆಸಿ ಎಬ್ಬಿಸಿದ ಹಳೆಯ ಗೋಡೆಗಳು. ಚೆಲುವಾದ ಊರು, ನಿಜ. ಆದರೆ ಆ ಮನೆಗಳಿಗೆ ಸುರಿದ ದುಡ್ಡು ನೀಳ ಎಳೆಯ ಹತ್ತಿಯದು, ಹತ್ತಿ ಬೆಳೆದ ಕೈಗಳು ಗುಲಾಮರವು. 1860ರ ಹೊತ್ತಿಗೆ ಈ ಜಿಲ್ಲೆಯ ಹತ್ತು ಜನರಲ್ಲಿ ಎಂಟು ಜನ ಬೇರೆಯವರ ಸ್ವತ್ತಾಗಿದ್ದರು.

ಪ್ರಿನ್ಸ್ ಬೀದಿಯ 511ನೇ ನಂಬರಿನ ಮನೆ ಆಗ ಮೆಕೀ ಕುಟುಂಬದ್ದು. ಅದರ ಹಿತ್ತಲ ಗುಡಿಸಲಲ್ಲಿ 1839ರ ಏಪ್ರಿಲ್ 5ರಂದು, ಮನೆಗೆಲಸದ ಲಿಡಿಯಾಳ ಹೊಟ್ಟೆಯಲ್ಲಿ ರಾಬರ್ಟ್ ಸ್ಮಾಲ್ಸ್ ಹುಟ್ಟಿದ. ಹನ್ನೆರಡು ತುಂಬುವಾಗ ಒಡೆಯ ಅವನನ್ನು ಚಾರ್ಲ್ಸ್‌ಟನ್ನಿಗೆ ಕೂಲಿಗೆ ಕಳಿಸಿದ. ಹೋಟೆಲಿನಲ್ಲಿ ದುಡಿದ, ಬೀದಿದೀಪ ಹಚ್ಚಿದ, ಬಂದರಿನಲ್ಲಿ ಮೂಟೆ ಹೊತ್ತ, ಹಾಯಿ ಹೊಲಿದ. ಕೂಲಿಯಲ್ಲಿ ವಾರಕ್ಕೆ ಒಂದು ಡಾಲರ್ ಅವನಿಗೆ, ಮಿಕ್ಕಿದ್ದು ಒಡೆಯನಿಗೆ. ಆ ಬಂದರಿನ ಆಳ, ಮರಳದಿಬ್ಬ, ಸೆಳೆತ ಎಲ್ಲವೂ ಅವನ ಕೈಗೆ ಪಾಠವಾದವು.

ದಕ್ಷಿಣದ ರಾಜ್ಯಗಳು ಒಕ್ಕೂಟದ ವಿರುದ್ಧ ದಂಗೆಯೆದ್ದು ಅಂತರ್ಯುದ್ಧ ಹತ್ತಿತು. 1861ರ ನವೆಂಬರ್ 7ರಂದು ಒಕ್ಕೂಟದ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿದಾಗ ಬ್ಯೂಫರ್ಟಿನ ಬಿಳಿಯರು ಮನೆಮಠ ಬಿಟ್ಟು ಓಡಿದರು. ದ್ವೀಪಗಳಲ್ಲಿ ಉಳಿದವರು ಸುಮಾರು ಹತ್ತು ಸಾವಿರ ಗುಲಾಮರು. ಮರುವರ್ಷವೇ ಪಕ್ಕದ ಸೇಂಟ್ ಹೆಲೆನಾ ದ್ವೀಪದಲ್ಲಿ ಅವರಿಗಾಗಿ ಪೆನ್ ಶಾಲೆ ಶುರುವಾಯಿತು.

ಸ್ಮಾಲ್ಸ್ ಇನ್ನೂ ಚಾರ್ಲ್ಸ್‌ಟನ್ನಿನಲ್ಲೇ, ದಂಗೆಯೆದ್ದ ದಕ್ಷಿಣದವರ 'ಪ್ಲಾಂಟರ್' ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿದಿದ್ದ. 1862ರ ಮೇ 13ರ ನಸುಕಿನಲ್ಲಿ ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿರುವಾಗ ಹಡಗು ಬಿಚ್ಚಿದ. ಇನ್ನೊಂದು ಕಟ್ಟೆಯಲ್ಲಿ ಕಾದಿದ್ದ ಹೆಂಡತಿ ಹ್ಯಾನಾಳನ್ನೂ ಮಕ್ಕಳನ್ನೂ ಹತ್ತಿಸಿಕೊಂಡ. ಕ್ಯಾಪ್ಟನ್ನನ ಹುಲ್ಲುಟೋಪಿ ತಲೆಗಿಟ್ಟು, ಕೋಟೆಗಳಿಗೆ ಕೊಡಬೇಕಾದ ಸೀಟಿ ಸರಿಯಾಗಿ ಊದಿಸಿ, ಸಮ್ಟರ್ ಕೋಟೆಯ ಫಿರಂಗಿಗಳ ಎದುರೇ ದಾಟಿದ. ಆಚೆ ಬಿಳಿ ದುಪ್ಪಟ ಏರಿಸಿ ಹಡಗನ್ನು ಒಕ್ಕೂಟದವರಿಗೆ ಒಪ್ಪಿಸಿದ. ಹಡಗಿನಲ್ಲಿದ್ದ ಹದಿನಾರು ಜನರೂ ಆ ಬೆಳಗಿಗೆ ಸ್ವತಂತ್ರರು.

ಸ್ಮಾಲ್ಸ್ ಎಂದರೆ ಎಲ್ಲರೂ ಹೇಳುವುದು ಈ ರಾತ್ರಿಯ ಕಥೆಯನ್ನೇ. ನನ್ನ ಮನಸ್ಸು ನಿಲ್ಲುವುದು ಅದರ ನಂತರದ ವರ್ಷಗಳಲ್ಲಿ.

ಓಡಿಹೋದ ಬಿಳಿಯರು ಕಟ್ಟದೆ ಬಿಟ್ಟ ತೆರಿಗೆಗಾಗಿ ಸರ್ಕಾರ ಊರಿನ ಆಸ್ತಿಗಳನ್ನು ಹರಾಜಿಗಿಟ್ಟಿತು. ಪ್ರಿನ್ಸ್ ಬೀದಿಯ ಮನೆಯನ್ನು ಸ್ಮಾಲ್ಸ್ ಕೊಂಡ. ತಾಯಿ ಲಿಡಿಯಾ ತಾನು ಊಳಿಗ ಮಾಡಿದ ಮನೆಯಲ್ಲೇ ಮಗನೊಡನೆ ಬಾಳಿದಳು. ಹಳೆಯ ಹಕ್ಕುದಾರರು ಹೂಡಿದ ದಾವೆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಗೆದ್ದವನು ಸ್ಮಾಲ್ಸ್.

ಓದು ಬರಹ ಅವನು ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಗುಲಾಮರಿಗೆ ಅಕ್ಷರ ಕಲಿಸಿದವರನ್ನು ದಂಡಿಸುವ ಕಾನೂನನ್ನು ಅವನ ರಾಜ್ಯ 1834ರಲ್ಲೇ ಮಾಡಿತ್ತು. ಅಂಥ ರಾಜ್ಯಕ್ಕೆ 1868ರಲ್ಲಿ ಹೊಸ ಸಂವಿಧಾನ ಬರೆಯಲು ಚಾರ್ಲ್ಸ್‌ಟನ್ನಿನಲ್ಲಿ ಸಭೆ ಸೇರಿದಾಗ ಬ್ಯೂಫರ್ಟಿನಿಂದ ಹೋದ ಸ್ಮಾಲ್ಸ್, ಎಲ್ಲ ಮಕ್ಕಳಿಗೂ ಪುಕ್ಕಟೆ ಶಾಲೆ ಇರಬೇಕು, ಮಕ್ಕಳು ಶಾಲೆಗೆ ಬರಲೇಬೇಕು ಎಂಬ ಗೊತ್ತುವಳಿ ಮಂಡಿಸಿದ. ಸಾರ್ವಜನಿಕ ಶಾಲೆಗಳ ಏರ್ಪಾಟು ಸಂವಿಧಾನದಲ್ಲಿ ಸೇರಿತು. ಹಡಗಿನಲ್ಲಿ ಅವನು ಹದಿನಾರು ಜನರನ್ನು ದಾಟಿಸಿದ. ಈ ಗೊತ್ತುವಳಿ ರಾಜ್ಯದ ಮಕ್ಕಳೆಲ್ಲರ ಲೆಕ್ಕ ಇಟ್ಟಿತ್ತು.

ಅದೇ ವರ್ಷ ರಾಜ್ಯದ ಕೆಳಮನೆಗೆ, 1870ರಲ್ಲಿ ಮೇಲ್ಮನೆಗೆ ಆರಿಸಿಬಂದ. 1875ರಿಂದ 1887ರ ನಡುವೆ, ಆಗಾಗ ಸೋತು ಮತ್ತೆ ಗೆದ್ದು, ವಾಷಿಂಗ್ಟನ್ನಿನ ಕಾಂಗ್ರೆಸ್ಸಿನಲ್ಲಿ ಕೂತ. ಬಿಳಿಯರ ಪಕ್ಷ ರಾಜ್ಯವನ್ನು ಮತ್ತೆ ಹಿಡಿದ ಕೂಡಲೇ, 1877ರಲ್ಲಿ, ಲಂಚದ ಆರೋಪ ಹೊರಿಸಿ ಮೂರು ವರ್ಷದ ಶಿಕ್ಷೆ ವಿಧಿಸಿದರು. 1879ರಲ್ಲಿ ಗವರ್ನರ್ ಕ್ಷಮೆ ಕೊಟ್ಟರು. ರಾಜಕೀಯದ ಸೇಡಿನ ವಾಸನೆ ಆ ಮೊಕದ್ದಮೆಯಿಂದ ಇನ್ನೂ ಹೋಗಿಲ್ಲ.

1895ರಲ್ಲಿ ರಾಜ್ಯ ಮತ್ತೊಂದು ಸಂವಿಧಾನ ಸಭೆ ಕರೆಯಿತು. ಈ ಸಲದ ಗುರಿ ಕಪ್ಪು ಜನರ ಮತ ಕಿತ್ತುಕೊಳ್ಳುವುದು. ಸಭೆಯಲ್ಲಿ ಕಪ್ಪು ಪ್ರತಿನಿಧಿಗಳು ಆರೇ ಜನ, ಅವರಲ್ಲಿ ಐವರು ಬ್ಯೂಫರ್ಟಿನವರು. ಬೇರೆ ಬಹುತೇಕ ಕಡೆ ಬಾಯಿ ಮುಚ್ಚಿಸಿದ ಮೇಲೂ ಈ ದ್ವೀಪಗಳ ಜನ ತಮ್ಮವರನ್ನು ಕಳಿಸುತ್ತಲೇ ಇದ್ದರು ಎನ್ನುವುದು ಈ ಊರಿನ ದೊಡ್ಡ ಹೆಮ್ಮೆಯಾಗಬೇಕು. ಓದಿ ಅರ್ಥ ಹೇಳುವ ಪರೀಕ್ಷೆ, ಮುನ್ನೂರು ಡಾಲರ್ ಆಸ್ತಿ ಎಂಬ ಷರತ್ತುಗಳು ಬಂದವು. ಸ್ಮಾಲ್ಸ್ ಎದ್ದು ನಿಂತು ವಾದಿಸಿದ, ಸೋತ, ಆ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಮುಂದೆ ಹಲವು ವರ್ಷ ಊರ ಬಂದರಿನ ಸುಂಕದ ಅಧಿಕಾರಿಯಾಗಿದ್ದ. 1915ರ ಫೆಬ್ರವರಿಯಲ್ಲಿ ಪ್ರಿನ್ಸ್ ಬೀದಿಯ ಮನೆಯಲ್ಲೇ ತೀರಿಕೊಂಡ. ಟ್ಯಾಬರ್ನಕಲ್ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯಿದೆ, ಪಕ್ಕದಲ್ಲಿ ಎದೆಮಟ್ಟದ ಪ್ರತಿಮೆ. ಅಲ್ಲಿಂದ ಅವನು ಹುಟ್ಟಿದ ಹಿತ್ತಲಿಗೆ ಕೆಲವೇ ಬೀದಿ.