ಬರದ ಮಕ್ಕಳು, ಮಿಷನ್ ಮನೆಗಳು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು ಇಂದು ಭತ್ತದ ಸೀಮೆ. ತೆಕ್ಕಲಕೋಟೆಯ ಆಸುಪಾಸಿನ ಎರೆಹೊಲಗಳಿಗೆ ಆ ಹಸಿರು ಬಂದದ್ದು ತುಂಗಭದ್ರಾ ಅಣೆಕಟ್ಟೆಯಿಂದ. ಮೊದಲ ಸಲ ನೀರು ಬಿಟ್ಟದ್ದು 1953ರಲ್ಲಿ. ಅದಕ್ಕೂ ಮುಂಚೆ ವಿಜಯನಗರದ ಕಾಲದ ದೇಶನೂರು, ಸಿರುಗುಪ್ಪ ಕಾಲುವೆಗಳು ಹೊಳೆದಂಡೆಯ ಕೆಲವು ಗದ್ದೆಗಳನ್ನಷ್ಟೇ ನೆನೆಸುತ್ತಿದ್ದವು. ಉಳಿದ ನೆಲವೆಲ್ಲ ಮಳೆ ನಂಬಿ ಜೋಳ, ಹತ್ತಿ ಬಿತ್ತುವ ನೆಲ. ಮಳೆ ತಪ್ಪಿದರೆ ಗತಿಯೇನು ಎಂಬುದನ್ನು 1876 ತೋರಿಸಿಕೊಟ್ಟಿತು. ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ.

ಜನ ಅದನ್ನು ಧಾತು-ಈಶ್ವರ ಬರ ಎಂದು ಕರೆದರು. ಎರಡು ಸಂವತ್ಸರಗಳ ಹೆಸರು ಒಂದೇ ಹಸಿವಿಗೆ ಅಂಟಿಕೊಂಡಿತು. ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಅದರ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ಕರಗಿತು. ಪಕ್ಕದ ಮೈಸೂರು ಸಂಸ್ಥಾನದ ಲೆಕ್ಕವೂ ಹಾಗೆಯೇ ಇದೆ: 1871ರಲ್ಲಿ 50,55,412 ಇದ್ದ ಜನ 1881ರ ಗಣತಿಗೆ 41,86,188ಕ್ಕೆ ಇಳಿದಿದ್ದರು. ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಿಷ್ಟು ಪುಡಿಗಾಸಿಗೆ ಇಳಿಸಿದ. ಆ ಧಾನ್ಯ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವ ದೇಹಕ್ಕೆ ಇಷ್ಟು ಸಾಲದು ಎಂದು ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಶ್ ಪಟ್ಟುಹಿಡಿದು ವಾದಿಸಿದ. ತಾಯಿತಂದೆ ತಮ್ಮ ಪಾಲಿನದನ್ನು ಮಕ್ಕಳಿಗೆ ಕೊಟ್ಟು ಮೊದಲು ತಾವು ಕುಸಿದರೆ, ಗಂಜಿ ಶಿಬಿರದಲ್ಲಿ ಉಳಿಯುವುದು ಮಗು.

ಬರ ಮುಗಿಯುತ್ತ ಬಂದಂತೆ ಶಿಬಿರಗಳು ಮುಚ್ಚತೊಡಗಿದವು. ಹಿರಿಯರು ಬಿತ್ತನೆಗೆ ಊರು ಸೇರಬಹುದು. ಪರದೇಶಿಯಾದ ಮಗು ಯಾವ ಮನೆಗೆ ಹೋಗಬೇಕು? ಕಲೆಕ್ಟರನ ಕಚೇರಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕನ್ನಡ ನಾಡಿನ ಉದ್ದಗಲಕ್ಕೂ ಬಾಗಿಲು ತೆರೆದವರಲ್ಲಿ ಕ್ರೈಸ್ತ ಮಿಷನ್‌ಗಳು ಮುಖ್ಯವಾದವು.

ಬಳ್ಳಾರಿಗೆ ಮಿಷನ್ ಹೊಸದೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಇಲ್ಲಿ ನೆಲೆನಿಂತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದ. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಮೊದಲ ಕನ್ನಡ ಪತ್ರಿಕೆ ಮರುವರ್ಷ ಹೆಸರು ಬದಲಿಸಿಕೊಂಡು ಅಚ್ಚಿಗೆ ಬಂದದ್ದು ಬಳ್ಳಾರಿಯ ಮಿಷನ್ ಮುದ್ರಣಾಲಯಕ್ಕೆ. ವಾರ್ಡ್ಲಾ ಶಾಲೆ 1846ರದು. ಹೀಗೆ ಅಚ್ಚಿನಮನೆ, ಶಾಲೆ, ದಂಡಿನ ಪೇಟೆಯ ದೇವಾಲಯ ಎಂದು ಅಕ್ಷರದ ಸುತ್ತ ಬೆಳೆದಿದ್ದ ಮಿಷನ್ ಕೆಲಸವನ್ನು ಬರ ಅಡುಗೆಮನೆಯತ್ತ, ತೊಟ್ಟಿಲಿನತ್ತ ತಿರುಗಿಸಿತು.

ಹಳೆಯ ಮೈಸೂರಿನಲ್ಲಿ ಆ ತಿರುವಿನ ಗುರುತುಗಳು ಇನ್ನೂ ಸ್ಪಷ್ಟ. ವೆಸ್ಲಿಯನ್ ಮಿಷನ್ ಗಂಡುಮಕ್ಕಳನ್ನು ತುಮಕೂರಿನಲ್ಲಿ, ಹೆಣ್ಣುಮಕ್ಕಳನ್ನು ಹಾಸನದಲ್ಲಿ ಇಟ್ಟು ಸಾಕಿತು. ಕ್ಯಾಥೊಲಿಕ್ ಗುರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಕ್ಕಳಿಗೋಸ್ಕರ ಊರುಗಳನ್ನೇ ಕಟ್ಟಿದರು: ಆಗಿನ ನೆಲಮಂಗಲ ತಾಲ್ಲೂಕಿನಲ್ಲಿ ಸಿಲುವೆಪುರ, ಕನಕಪುರದ ಕಡೆ ತಟ್ಟಗುಪ್ಪೆಯ ಬಳಿ ಮರಿಯಾಪುರ. ಅನಾಥಾಲಯದ ಕೋಣೆಯಲ್ಲಿ ಬೆಳೆದವನಿಗೆ ಮುಂದೆ ಹೊಲವೂ ಬೇಕು, ನೆರೆಹೊರೆಯೂ ಬೇಕು ಎಂದು ಅವರಿಗೆ ಹೊಳೆದಿತ್ತು. ಬರದ ಮಕ್ಕಳು ಅಲ್ಲೇ ಬೇಸಾಯಕ್ಕಿಳಿದರು, ಸಂಸಾರ ಹೂಡಿದರು. ಸಿಲುವೆಪುರ ಈಗ ಬೆಂಗಳೂರಿನ ಅಂಚಿಗೆ ಬಂದಿದೆ. ಅಲ್ಲಿನ ಹಳೆಯ ಮನೆತನಗಳ ಬೇರು ಹುಡುಕಿಕೊಂಡು ಹೋದರೆ ಧಾತು-ಈಶ್ವರದ ಹಸಿವಿನ ಬಳಿಗೇ ಬರಬೇಕು.

ಈ ಕಥೆಯಲ್ಲಿ ಮುಚ್ಚಿಡಬಾರದ ಮಾತೊಂದಿದೆ. ಮಕ್ಕಳು ಬದುಕಿದರು, ಬದುಕಿಸಿದವರ ಧರ್ಮದಲ್ಲೇ ಬೆಳೆದರು. ಬಹುತೇಕರಿಗೆ ತಾಯ ಹೆಸರು, ಕುಲ, ಹುಟ್ಟಿದ ಊರು ಯಾವುದೂ ಕೈಗೆ ಉಳಿಯಲಿಲ್ಲ. ಹಸಿದ ಮಗುವಿಗೆ ಆಯ್ಕೆ ಎಂಬುದಿಲ್ಲ ಎಂಬ ಆಕ್ಷೇಪ ಆಗಲೂ ಇತ್ತು, ಅದು ನ್ಯಾಯವಾದದ್ದೇ. ಆದರೆ ಆ ಮಗುವನ್ನು ಎತ್ತಿಕೊಳ್ಳಲು ಅಂದು ಬೇರೆ ಯಾರ ಬಾಗಿಲು ಎಷ್ಟು ತೆರೆದಿತ್ತು ಎಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಹೇಳದೆ ಈ ಚರಿತ್ರೆ ಬರೆಯಲಾಗದು.

ಆಮೇಲಿನ ದಶಕಗಳಲ್ಲಿ ತುರ್ತಿಗೆ ಕಟ್ಟಿದ ಅನಾಥಾಲಯವೇ ಕಾಯಂ ವ್ಯವಸ್ಥೆಯಾಯಿತು. ಕಾನ್ವೆಂಟು, ಬೋರ್ಡಿಂಗು, ಹಾಸ್ಟೆಲ್ಲು ಬಂದವು. ಬಳ್ಳಾರಿ 1949ರಲ್ಲಿ ಪ್ರತ್ಯೇಕ ಕ್ಯಾಥೊಲಿಕ್ ಧರ್ಮಕ್ಷೇತ್ರವಾಯಿತು. ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಮೊದಲ ಬಿಷಪ್. ಮಗುವನ್ನು ಕಟ್ಟಡಕ್ಕೆ ತರುವ ಬದಲು ಒಂದು ಕುಟುಂಬಕ್ಕೆ ಸೇರಿಸಬಾರದೇಕೆ ಎಂಬ ಪ್ರಶ್ನೆ ಹಿಂದೆಯೇ ಉಳಿದಿತ್ತು. ಅದಕ್ಕೆ ಕಾನೂನೂ ಒಂದು ಕಾರಣ. ಹಿಂದೂಗಳಿಗೆ 1956ರ ದತ್ತಕ ಕಾಯ್ದೆ ಇತ್ತು. ಕ್ರೈಸ್ತ ದಂಪತಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 1890ರ ಪೋಷಕರ ಕಾಯ್ದೆಯ ಆಸರೆ ಮಾತ್ರ. ಅದರಡಿ ಅವರು ಪೋಷಕರು, ತಂದೆತಾಯಿ ಅಲ್ಲ. ಮಗುವಿಗೆ ವಯಸ್ಸು ತುಂಬಿದೊಡನೆ ಆ ನಂಟೂ ಮುಗಿಯಿತು, ಆಸ್ತಿಯ ಹಕ್ಕಂತೂ ಇಲ್ಲ. ಅನಾಥ ಮಕ್ಕಳನ್ನು ಇಷ್ಟು ಕಾಲ ಸಾಕಿದ ಸಮುದಾಯದ ಮನೆಗಳಿಗೇ ಮಗುವನ್ನು ಕಾನೂನುಬದ್ಧವಾಗಿ ತನ್ನದೆನ್ನುವ ದಾರಿ ಬಹುಕಾಲ ತೆರೆದಿರಲಿಲ್ಲ ಎಂಬುದು ನೋವಿನ ಸಂಗತಿ. ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂದು, 2006ರಲ್ಲಿ ತಿದ್ದುಪಡಿಯಾಗಿ ಆ ದಾರಿ ಎಲ್ಲ ಧರ್ಮದವರಿಗೂ ತೆರೆಯಿತು. ಯಾವ ಧರ್ಮದವರೂ ಇದರಡಿ ದತ್ತು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಶಬನಂ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಅಷ್ಟರೊಳಗೆ ಜಗತ್ತಿನ ತಿಳಿವಳಿಕೆಯೂ ಬದಲಾಗಿತ್ತು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ, ಊಟ-ಬಟ್ಟೆ ಸರಿಯಿದ್ದರೂ ತನ್ನವರೆನ್ನುವವರಿಲ್ಲದ ಮಗು ಸೊರಗುತ್ತದೆ ಎಂದು ತೋರಿಸಿದ್ದ. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಕುಟುಂಬಕ್ಕೆ ಮೊದಲ ಸ್ಥಾನ ಕೊಟ್ಟಿತು. ಚರ್ಚಿನ ಒಳಗೂ ಈ ಬದಲಾವಣೆ ಕಾಣುತ್ತದೆ. ಸಲೇಶಿಯನ್ ಗುರುಗಳು 1980ರಲ್ಲಿ ಆರಂಭಿಸಿದ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಬೀದಿಪಾಲಾದ ಮಕ್ಕಳಿಗೆ ನೆರಳಾಗುವುದರ ಜೊತೆಗೆ ಅವರ ಮನೆಯನ್ನೂ ಹುಡುಕುತ್ತದೆ.

ಬಾಲನ್ಯಾಯ ಕಾಯ್ದೆ, 2015ರ 44ನೇ ಕಲಮು ದತ್ತು ಪಡೆಯದೆಯೇ ಮಗುವನ್ನು ಸಾಕುವ ಪೋಷಣಾ ಕುಟುಂಬದ ಏರ್ಪಾಡನ್ನು ಹೇಳುತ್ತದೆ. ಮಗುವನ್ನು ಒಪ್ಪಿಸುವುದು ಈಗ ಪಾದ್ರಿಯೂ ಅಲ್ಲ, ಕಲೆಕ್ಟರನೂ ಅಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಎರಡು ವರ್ಷ ಸಾಕಿದ ಕುಟುಂಬ ಆ ಮಗುವನ್ನು ದತ್ತು ಕೇಳಬಹುದು ಎಂದು 2024ರ ಮಾರ್ಗಸೂಚಿ ಹೇಳುತ್ತದೆ.

ತೆಕ್ಕಲಕೋಟೆಯಂಥ ಊರಿಗೆ ಇದರಷ್ಟೇ ಮುಖ್ಯವಾದದ್ದು ಅದೇ ಯೋಜನೆಯ ಪ್ರಾಯೋಜಕತ್ವದ ಭಾಗ. ಈ ಸೀಮೆಯಲ್ಲಿ ದುಡಿಯಲು ಗುಳೆ ಹೋಗುವವರು ಮಕ್ಕಳನ್ನು ಅಜ್ಜಿಯ ಬಳಿ ಬಿಡುವುದು ಹಳೆಯ ರೂಢಿ. ತಾಯಿತಂದೆ ತೀರಿಕೊಂಡರೂ ಮಗು ಸೇರುವುದು ಅಜ್ಜಿಯನ್ನೋ, ಚಿಕ್ಕಪ್ಪನನ್ನೋ. ಹೀಗೆ ನೆಂಟರ ಆಸರೆಯಲ್ಲಿರುವ ಅನಾಥ ಮಗುವಿಗೂ, ವಿಧವೆ ತಾಯಿಯ ಮಗುವಿಗೂ ಅದೇ 4,000 ರೂಪಾಯಿ ಸಿಗಬೇಕು. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು, ಅಷ್ಟೇ. ಆದರೆ ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಅರ್ಜಿ ಎಂದು ಓಡಾಡುವುದು ಅಕ್ಷರ ಬಾರದ ಅಜ್ಜಿಗೆ ಆಗದ ಕೆಲಸ. ಬಳ್ಳಾರಿಯಲ್ಲಿ ಇನ್ನೂರು ವರ್ಷ ಅಕ್ಷರ ಕಲಿಸಿದ ಚರ್ಚಿಗೆ ಅದು ದೊಡ್ಡ ಹೊರೆಯಲ್ಲ. ಅಜ್ಜಿಯ ಜೊತೆ ಕೂತು ಅರ್ಜಿ ತುಂಬಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೆಗೆ ಕರೆದೊಯ್ಯುವ ಒಬ್ಬ ಸಿಸ್ಟರ್, ಒಬ್ಬ ಶಾಲಾ ಮಾಸ್ತರ ಸಾಕು; ಮಗು ಯಾವ ಹಾಸ್ಟೆಲ್ಲಿಗೂ ಹೋಗದೆ ಅಜ್ಜಿಯ ಮನೆಯಲ್ಲೇ ಇದ್ದು ಶಾಲೆಗೆ ಹೋಗಬಹುದು.