ಮುಯ್ಯಾಳು

ಸಕಲೇಶಪುರ, ಆಲೂರಿನ ಕಡೆ ಗುಡ್ಡದ ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ. ಮಡಿಯಿಂದ ಕಿತ್ತ ಸಸಿ ಬಹಳ ಹೊತ್ತು ಕಾಯುವುದಿಲ್ಲ. ಮಳೆ ಹಿಡಿದಾಗ ಎಲ್ಲರ ಗದ್ದೆಗೂ ಒಟ್ಟಿಗೇ ನಾಟಿ ಬೀಳುತ್ತದೆ, ಒಂದು ಮನೆಯ ಕೈ ಸಾಲದು. ಒಬ್ಬರ ಗದ್ದೆಗೆ ಇನ್ನೊಬ್ಬರು ಬಂದು ದುಡಿಯುವ ಮುಯ್ಯಾಳು ಹುಟ್ಟಿದ್ದು ಈ ಅವಸರದಲ್ಲಿ.

ಮುಯ್ಯಿ ಎಂದರೆ ತಿರುಗಿ ಕೊಡಬೇಕಾದದ್ದು. ಮದುವೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿಯೇ; ತಮಿಳಿನ ‘ಮೊಯ್’ ಇದರ ನಂಟಿನ ಪದ. ಸೇಡಿಗೂ ಇದೇ ಮಾತು: ಮುಯ್ಯಿಗೆ ಮುಯ್ಯಿ. ಉಪಕಾರವಾಗಲಿ ಅಪಕಾರವಾಗಲಿ, ಪಡೆದಷ್ಟು ಹಿಂದಿರುಗಬೇಕು ಎಂಬ ಲೆಕ್ಕ ಪದದ ಒಳಗೇ ಇದೆ. ಅದಕ್ಕೆ ಆಳು ಸೇರಿ ಮುಯ್ಯಾಳು.

ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ನಾಟಿಗೆ ನಿಮ್ಮಿಂದ ಇಬ್ಬರು. ಕೂಲಿ ಇಲ್ಲ; ಊಟ ಗದ್ದೆಯವರದು. ಕಂಬಳಿ ಕೊಪ್ಪೆ ಹೊದ್ದು ಸಾಲಾಗಿ ಬಗ್ಗಿದವರಲ್ಲಿ ಎರಡೆಕರೆಯವರೂ ಅರ್ಧ ಎಕರೆಯವರೂ ಇರುತ್ತಾರೆ. ಹಣವಿಲ್ಲದ ಮನೆಗೆ ಇದಕ್ಕಿಂತ ದೊಡ್ಡ ಆಸರೆ ಇರಲಿಲ್ಲ.

ಬಿಟ್ಟಿ ಬೇರೆ, ಅದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಬಲವಂತದ ದುಡಿಮೆ. ಶ್ರಮದಾನವೂ ಬೇರೆ. 1952ರಲ್ಲಿ ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಯ ಕಾಲದಲ್ಲಿ ಅದು ಹಳ್ಳಿಗಳಲ್ಲಿ ಬಳಕೆಗೆ ಬಂತು, 1969ರ ರಾಷ್ಟ್ರೀಯ ಸೇವಾ ಯೋಜನೆ ಅದನ್ನು ಕಾಲೇಜುಗಳಲ್ಲಿ ಉಳಿಸಿತು. ದಾನದಲ್ಲಿ ಕೊಡುವವನ ಕೈ ಮೇಲೆ. ಮುಯ್ಯಿಯಲ್ಲಿ ಇಬ್ಬರೂ ಸಮ. ನನಗೆ ಈ ಪದವೇ ಹೆಚ್ಚು ಇಷ್ಟ.

ಗದ್ದೆಗಳು ಪಾಳುಬಿದ್ದು, ಕೂಲಿಯಾಳು ಬಂದಲ್ಲಿ ಪದವೂ ಹಿಂದೆ ಸರಿದಿದೆ. ಆದರೂ ಹಿರಿಯರು ‘ಮುಯ್ಯಾಳು ತೀರಿಸಬೇಕು’ ಎಂದೇ ಹೇಳುತ್ತಾರೆ, ಸಾಲ ತೀರಿಸುವ ಕ್ರಿಯಾಪದವನ್ನೇ ಬಳಸಿ.