ರೋಟರಿ ಕ್ಲಬ್: ಸಂಘ ಖಾಸಗಿ, ಕೆಲಸ ಸಾರ್ವಜನಿಕ, ಮಿತಿ ಎಲ್ಲಿದೆ?

ಮುಂಬೈ ನೆರೆಯ ಠಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನ ರೋಟರಿ ಕ್ಲಬ್‌ಗಳು ಸಂಸ್ಥೆಯ 3142ನೇ ಜಿಲ್ಲೆಗೆ ಸೇರಿವೆ. ಇಲ್ಲಿ 'ಜಿಲ್ಲೆ' ಎಂದರೆ ಸರ್ಕಾರಿ ಜಿಲ್ಲೆಯಲ್ಲ, ಹಲವು ಕ್ಲಬ್‌ಗಳನ್ನು ಒಳಗೊಂಡ ಆಡಳಿತ ಘಟಕ. ಆಹ್ವಾನದ ಮೇರೆಗೆ ಸೇರುವ, ಶುಲ್ಕ ಕಟ್ಟುವ ಸದಸ್ಯರ ಈ ಖಾಸಗಿ ಸಂಘ ಸಾರ್ವಜನಿಕ ವಿಷಯಗಳಲ್ಲಿ ಎಷ್ಟು ದೂರ ಹೋಗಬಹುದು?

ಆರಂಭ

ವಕೀಲ ಪಾಲ್ ಹ್ಯಾರಿಸ್ 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋದಲ್ಲಿ ರೋಟರಿ ಆರಂಭಿಸಿದರು. ಎರಡೇ ವರ್ಷಗಳಲ್ಲಿ ಕ್ಲಬ್, ನಗರಕ್ಕೆ ಸಾರ್ವಜನಿಕ ಶೌಚಾಲಯ ಬೇಕೆಂದು ಪ್ರಯತ್ನ ಶುರು ಮಾಡಿತು. ಭಾರತದ ಮೊದಲ ಕ್ಲಬ್‌ಗೆ 1920ರಲ್ಲಿ ಕಲ್ಕತ್ತಾದಲ್ಲಿ ಮಾನ್ಯತೆ ದೊರೆಯಿತು. ಮುಂಬೈ ಕ್ಲಬ್ ಹುಟ್ಟಿದ್ದು 1929ರಲ್ಲಿ.

ಪೋಲಿಯೊ ಅಭಿಯಾನ

ಸರ್ಕಾರಿ ನೀತಿಯ ಮೇಲೆ ರೋಟರಿ ಬೀರಿದ ದೊಡ್ಡ ಪ್ರಭಾವ ಪೋಲಿಯೊ ನಿರ್ಮೂಲನೆಯದ್ದು. 1985ರಲ್ಲಿ 'ಪೋಲಿಯೊ ಪ್ಲಸ್' ಘೋಷಿಸಿದ ಸಂಸ್ಥೆ, 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತಿತರರೊಂದಿಗೆ ಜಾಗತಿಕ ಅಭಿಯಾನದಲ್ಲಿ ಕೈಜೋಡಿಸಿತು. ಭಾರತದಲ್ಲಿ 1995ರಿಂದ ನಡೆದ ಪಲ್ಸ್ ಪೋಲಿಯೊದಲ್ಲಿ ರೋಟರಿ ಸದಸ್ಯರು ಹಣ, ಪ್ರಚಾರ, ಸ್ವಯಂಸೇವೆ ಒದಗಿಸಿದರು. ಆದರೆ ಕಾರ್ಯಕ್ರಮ ಸರ್ಕಾರದ್ದು. ಮನೆಮನೆಗೆ ಹೋದವರಲ್ಲಿ ಆರೋಗ್ಯ ಸಿಬ್ಬಂದಿ ಮುಂಚೂಣಿಯಲ್ಲಿದ್ದರು. ದೇಶದ ಕೊನೆಯ ಪ್ರಕರಣ ಪತ್ತೆಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು.

ನಿಯಮ, ನ್ಯಾಯಾಲಯ

ರೋಟರಿ ನಿಯಮದಂತೆ ಕ್ಲಬ್‌ಗಳು ಯಾವುದೇ ಅಭ್ಯರ್ಥಿಯನ್ನು ಬೆಂಬಲಿಸುವಂತಿಲ್ಲ. ಸಾರ್ವಜನಿಕ ವಿಷಯಗಳನ್ನು ಎಲ್ಲ ಬದಿಯಿಂದ ಚರ್ಚಿಸಬಹುದು. ಇನ್ನು 'ನಮ್ಮದು ಖಾಸಗಿ ಕ್ಲಬ್' ಎಂಬ ವಾದಕ್ಕೂ ಮಿತಿ ಬಿದ್ದಿದೆ. ಮಹಿಳೆಯರನ್ನು ಸೇರಿಸಿಕೊಂಡ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್‌ನ ಮಾನ್ಯತೆಯನ್ನು ರೋಟರಿ ರದ್ದುಪಡಿಸಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯದ ತಾರತಮ್ಯ ವಿರೋಧಿ ಕಾನೂನು ಇಂತಹ ಕ್ಲಬ್‌ಗಳಿಗೂ ಅನ್ವಯಿಸುತ್ತದೆ ಎಂದಿತು.

ಸ್ಥಳೀಯವಾಗಿ ಏಕೆ ಮುಖ್ಯ?

ಠಾಣೆ, ಕಲ್ಯಾಣ್-ಡೊಂಬಿವಲಿ ಮತ್ತು ನವಿ ಮುಂಬೈಗೆ ಪ್ರತ್ಯೇಕ ಮಹಾನಗರ ಪಾಲಿಕೆಗಳಿವೆ. ನೀರು, ರಸ್ತೆ, ಕಸ ವಿಲೇವಾರಿಯ ಹೊಣೆ ಅವುಗಳದ್ದು. ಆದರೆ ನವಿ ಮುಂಬೈ ಮತ್ತು ಕಲ್ಯಾಣ್-ಡೊಂಬಿವಲಿಯಲ್ಲಿ 2020ರಲ್ಲಿ, ಠಾಣೆಯಲ್ಲಿ 2022ರಲ್ಲಿ ಸದಸ್ಯರ ಅವಧಿ ಮುಗಿದು, ಮುಂದೆ ಹಲವು ವರ್ಷ ಆಡಳಿತಾಧಿಕಾರಿಗಳೇ ಪಾಲಿಕೆ ನಡೆಸಿದರು. ಅಹವಾಲು ಒಯ್ಯಲು ವಾರ್ಡ್‌ಗೆ ಚುನಾಯಿತ ಪ್ರತಿನಿಧಿ ಇಲ್ಲದ ಇಂಥ ಕಾಲದಲ್ಲಿ ಸಂಘ-ಸಂಸ್ಥೆಗಳ ಮಾತಿಗೆ ತೂಕ ಹೆಚ್ಚುವುದು ಸಹಜ. ಆದರೆ ಕ್ಲಬ್ ಉತ್ತರಿಸಬೇಕಾದದ್ದು ತನ್ನ ಸದಸ್ಯರಿಗೆ. ಕೆಲಸ ಸರಿಯಾಗದಿದ್ದರೆ ಮತ ಹಾಕಿ ಬದಲಿಸುವ ಅವಕಾಶ ನಾಗರಿಕರಿಗೆ ಇರುವುದು ಪಾಲಿಕೆಯಲ್ಲಿ ಮಾತ್ರ.